ನಮ್ಮ ವಾರ್ಡ್ ಮೆಂಬರ್ ಎಲ್ಲ ಮದುವೆಗೂ ಬರುತ್ತಾರೆ, ಚರಂಡಿಗೆ ಮಾತ್ರ ಬರುವುದಿಲ್ಲ

ಚರಂಡಿಪಕ್ಕದಮನೆ
ಒಂದು ಪ್ರಶ್ನೆ ಇದೆ. ಗೊತ್ತಿದ್ದವರು ಹೇಳಿ, ಬೈಯುವವರು ಬೈಯಿರಿ.

ನಮ್ಮ ಬೀದಿಯ ಚರಂಡಿ ಮೇಲಿನ ಚಪ್ಪಡಿ ಒಡೆದು ಎಂಟು ತಿಂಗಳಾಯಿತು. ಹೋದ ತಿಂಗಳು ಪಕ್ಕದ ಮನೆಯ ಅಜ್ಜಿ ಕತ್ತಲಲ್ಲಿ ಕಾಲಿಟ್ಟು ಬಿದ್ದರು. ಕಾಲು ಮುರಿಯಿತು. ಮರುದಿನ ಬೆಳಿಗ್ಗೆ ಹತ್ತಕ್ಕೆಲ್ಲ ನಮ್ಮ ಕಾರ್ಪೊರೇಟರ್ ಆಸ್ಪತ್ರೆಯಲ್ಲಿ ಹಾಜರು. ಕೈಯಲ್ಲಿ ಸೇಬು, ಮೂಸಂಬಿ, ಎಳನೀರು. ಅಜ್ಜಿಯ ಕೈ ಹಿಡಿದುಕೊಂಡು ಅರ್ಧ ಗಂಟೆ ಕೂತಿದ್ದರು. ಈಗ ಅಜ್ಜಿ ಬಾಯಲ್ಲಿ ಅವರು "ದೇವರಂಥ ಮನುಷ್ಯ". ಚಪ್ಪಡಿ ಇವತ್ತಿಗೂ ಬಂದಿಲ್ಲ.

ಮೊದಲು ಇವರು ಹಾಲಿನ ಏಜೆನ್ಸಿ ಇಟ್ಟುಕೊಂಡಿದ್ದರು. ಗಣಪತಿ ಪೆಂಡಾಲ್, ರಾಜ್ಯೋತ್ಸವ, ಕಬಡ್ಡಿ ಪಂದ್ಯ ಎಲ್ಲದಕ್ಕೂ ಮುಂದು. ಮದುವೆ, ಗೃಹಪ್ರವೇಶ, ತಿಥಿ ಒಂದನ್ನೂ ತಪ್ಪಿಸುವುದಿಲ್ಲ. ಆದರೆ ಪಾಲಿಕೆ ಸಭೆಯ ಸುದ್ದಿಯಲ್ಲಿ ಇವರ ಹೆಸರನ್ನು ನಾನು ಒಂದು ದಿನವೂ ಓದಿಲ್ಲ.

ಹಾಗಾದರೆ ಮೆಂಬರ್ ಕೆಲಸ ಅಂದರೆ ಯಾವುದು? ಮುಂದಿನ ಸಲ ವೋಟು ಹಾಕುವಾಗ ಒಬ್ಬರ ಹಿನ್ನೆಲೆಯಲ್ಲಿ ಏನು ನೋಡಬೇಕು?

ಮೂರನೇಕ್ರಾಸ್
ಎಳನೀರು ತಂದರಲ್ಲ, ನಮ್ಮವರು ಅದನ್ನೂ ತರುವುದಿಲ್ಲ.

ಲೆಕ್ಕದಪುಸ್ತಕ
ಸರ್, ತಪ್ಪು ನಮ್ಮದೇ. ಮದುವೆಗೆ ಬರದ ಮೆಂಬರ್‌ಗೆ "ಗೆದ್ದ ಮೇಲೆ ಕಣ್ಣಿಗೆ ಬಿದ್ದಿಲ್ಲ" ಎನ್ನುತ್ತೇವೆ. ಸಭೆಗೆ ಹೋಗದವರನ್ನು ಯಾರೂ ಕೇಳುವುದಿಲ್ಲ. ನಾವು ಯಾವುದಕ್ಕೆ ಮಾರ್ಕ್ಸ್ ಕೊಡುತ್ತೇವೋ ಅದನ್ನೇ ಅವರು ಓದಿಕೊಂಡು ಬರುತ್ತಾರೆ.

ಪಾಲಿಕೆಗಳು ನಡೆಯುವುದು 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆ ಪ್ರಕಾರ. ಸಣ್ಣ ಊರಿನ ನಗರಸಭೆ, ಪುರಸಭೆಗಳಿಗೆ 1964ರ ಪುರಸಭೆಗಳ ಕಾಯ್ದೆ. ಎರಡರಲ್ಲೂ ಮೆಂಬರ್ ಮುಖ್ಯ ಕೆಲಸ ಸಭೆಯಲ್ಲಿ. ಬಜೆಟ್ ಒಪ್ಪುವುದು, ತೆರಿಗೆ ಚರ್ಚೆ, ಕಾಮಗಾರಿ ಮಂಜೂರಾತಿ, ಸ್ಥಾಯಿ ಸಮಿತಿ. ಹಣ್ಣಿನ ಬುಟ್ಟಿಗೆ ಯಾವ ಕಲಮೂ ಇಲ್ಲ.

ಸಂತೆಹೊತ್ತು
> ಹಣ್ಣಿನ ಬುಟ್ಟಿಗೆ ಯಾವ ಕಲಮೂ ಇಲ್ಲ

ಕಾಯ್ದೆ ಪುಸ್ತಕ ಹಿಡಿದುಕೊಂಡು ವಾರ್ಡಲ್ಲಿ ನಿಂತು ನೋಡಿ ಸ್ವಾಮಿ, ಠೇವಣಿ ಉಳಿದರೆ ಹೇಳಿ. ನಮ್ಮ ಬೀದಿಗೆ ಯುಜಿಡಿ (ಒಳಚರಂಡಿ) ಲೈನ್ ಬಂದದ್ದೇ ಒಂದು ಮದುವೆ ಊಟದ ಪಂಕ್ತಿಯಲ್ಲಿ. ನಮ್ಮ ಮಾವ ಮೆಂಬರ್ ಪಕ್ಕದ ಎಲೆಗೇ ಕೂತರು. ಹೋಳಿಗೆ ಬರುವಷ್ಟರಲ್ಲಿ ವಿಷಯ ಹೇಳಿದರು, ಮೊಸರನ್ನದ ಹೊತ್ತಿಗೆ ಜೆಇಗೆ (ಕಿರಿಯ ಎಂಜಿನಿಯರ್‌ಗೆ) ಫೋನ್ ಹೋಯಿತು. ಕಚೇರಿಗೆ ನಾಲ್ಕು ಸಲ ಅಲೆದಾಗ ಆಗದ್ದು ಅಲ್ಲಿ ಆಯಿತು. ಜನ ಸಿಗುವ ಜಾಗಕ್ಕೆ ಮೆಂಬರ್ ಬರಬೇಕು, ಅಷ್ಟೇ.

ಲೆಕ್ಕದಪುಸ್ತಕ
ಮದುವೆಗೆ ಕರೆಯೋಲೆ ಸಿಗದವರ ಬೀದಿ ಕಥೆ ಏನು ಸರ್? ಬಾಡಿಗೆ ಮನೆಯವರು, ಹೊಸದಾಗಿ ಬಂದವರು, ಬೇರೆ ಜಾತಿಯವರು? ಪಂಕ್ತಿಯಲ್ಲಿ ಕೂರದವರಿಗೆ ಯುಜಿಡಿ ಬೇಡವೇ?

ಸಂತೆಹೊತ್ತು
ಅದು ಸರಿ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕೆಂಪುತೋಟದಾಚೆ
ಬೆಂಗಳೂರಿನವನು ನಾನು. ನಿಮ್ಮ ಜಗಳ ನೋಡಿ ಹೊಟ್ಟೆಕಿಚ್ಚಾಗುತ್ತಿದೆ. ಬೈಯುವುದಕ್ಕಾದರೂ ನಿಮಗೆ ಒಬ್ಬ ಮೆಂಬರ್ ಇದ್ದಾರೆ.

ನಮ್ಮಲ್ಲಿ ಕೊನೆಯ ಬಿಬಿಎಂಪಿ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಆಮೇಲೆ ಐದು ವರ್ಷ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಅಷ್ಟರಲ್ಲಿ ಕಾಗದದ ಮೇಲೆ ವಾರ್ಡ್‌ಗಳು 198 ಇದ್ದದ್ದು 243 ಆಯಿತು, ಮತ್ತೆ 225 ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಊರನ್ನೇ ಐದು ಪಾಲಿಕೆ ಮಾಡಿದರು, ವಾರ್ಡ್ 369 ಆಯಿತು. ನಾನು ಮನೆ ಬದಲಿಸಲಿಲ್ಲ, ವಾರ್ಡೇ ನನ್ನನ್ನು ಬಿಟ್ಟು ಓಡಾಡುತ್ತಿದೆ.

ಅವಧಿ ಐದು ವರ್ಷ, ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. 1993ರ ಜೂನ್ 1ರಿಂದ 74ನೇ ತಿದ್ದುಪಡಿ ಜಾರಿಯಲ್ಲಿದೆ. ಹೇಳುತ್ತದೆ, ಅಷ್ಟೇ.

ಕುಂದಾನಗರಿ
ಬೆಂಗಳೂರಿನವರು ಸುಮ್ನೆ ಅಳಬೇಡಿ. ನಮ್ಮ ಬೆಳಗಾವಿಯದು ಇನ್ನೂ ಮಜಾ. 2021ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ಆಯಿತು, 58 ವಾರ್ಡ್‌ಗೂ ನಗರಸೇವಕರು ಗೆದ್ದರು, ಗುಲಾಲು ಹಾರಿತು. ಮೇಯರ್ ಆಯ್ಕೆ ಆದದ್ದು 2023ರ ಫೆಬ್ರವರಿಯಲ್ಲಿ! ನಡುವೆ 17 ತಿಂಗಳು ಗೆದ್ದವರಿಗೆ ಕೂರಲು ಕುರ್ಚಿ ಇಲ್ಲ, ಸಭೆ ಇಲ್ಲ. ಮೆಂಬರ್ ಎಂದು ಜನ ಮನೆಗೆ ಬರುತ್ತಿದ್ದರು. ಅಧಿಕಾರಿಗಳ ಹತ್ತಿರ ಹೋದರೆ "ಇನ್ನೂ ನಿಮ್ಮ ಅವಧಿ ಶುರುವೇ ಆಗಿಲ್ಲ". ಆಗ ಅವರು ಮದುವೆಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕಿತ್ತು?

ಬೀದಿದೀಪ
ನಗರಸೇವಕ ಅಂದರೆ ಯಾರು? ಕಾರ್ಪೊರೇಟರ್ ಬೇರೆ, ನಗರಸೇವಕ ಬೇರೆಯಾ?

ಕುಂದಾನಗರಿ
ಎರಡೂ ಒಂದೇ. ಮರಾಠಿಯಿಂದ ಬಂದ ಮಾತು, ನಮ್ಮ ಕಡೆ ಫಲಕದಲ್ಲೂ ಹಾಗೇ ಬರೆಸುತ್ತಾರೆ.

ಮೂರನೇಕ್ರಾಸ್
ಸೇವಕ ಎಂದು ಬರೆಸಿದರೂ ಗಾಡಿ ಮಾತ್ರ ಒಡೆಯರದ್ದೇ 😄

ಕಡಲಕರೆ
ನಮ್ಮ ಕಡೆ ಕಾರ್ಪೊರೇಟರ್ ಎನ್ನುವುದೇ ರೂಢಿ ಮಾರಾಯ್ರೆ. ಮಂಗಳೂರಲ್ಲಿ 60 ವಾರ್ಡ್. ನಮ್ಮ ಅಜ್ಜ ಮಾತ್ರ ಕೊನೆಯವರೆಗೂ "ಮುನಿಸಿಪಾಲ್ಟಿ ಮೆಂಬರ್" ಎಂದೇ ಹೇಳುತ್ತಿದ್ದರು.

ಹೆಸರಿನ ಮಾತು ಬಿಡಿ. ಮೂಲ ಪ್ರಶ್ನೆಯಲ್ಲಿ ಹಿನ್ನೆಲೆ ಎಂಬ ಮಾತಿತ್ತಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಕರಪತ್ರದಲ್ಲಿ ಎಲ್ಲರೂ "ಸಮಾಜ ಸೇವಕರು". ಅದು ಉದ್ಯೋಗವಾ? ಅಕ್ಕಿ ಎಲ್ಲಿಂದ ಬರುತ್ತದೆ?

ಬೀದಿದೀಪ
ನಾಮಪತ್ರದ ಜೊತೆ ಪ್ರಮಾಣಪತ್ರ ಕೊಡುತ್ತಾರೆ. ಆಸ್ತಿ, ಸಾಲ, ಕೇಸು, ಓದು ಎಲ್ಲ ಅದರಲ್ಲಿರುತ್ತದೆ. ಅದನ್ನು ಓದಿದರೆ ಸಮಾಜ ಸೇವೆಯಿಂದ ಎಷ್ಟು ನಿವೇಶನ ಬಂದವು ಎಂದು ಗೊತ್ತಾಗುತ್ತದೆ. ಗೆದ್ದ ಮೇಲೂ ಪಾಲಿಕೆ ಸದಸ್ಯರು ವರ್ಷ ವರ್ಷ ಆಸ್ತಿ ವಿವರ ಸಲ್ಲಿಸಬೇಕು, ಕಾಯ್ದೆಯಲ್ಲೇ ಇದೆ.

ಗಾರೆಕೈ
ನಾನು ಸಣ್ಣ ಕಂಟ್ರಾಕ್ಟರ್. ನನ್ನ ಪ್ರಕಾರ ಮೆಂಬರ್ ಆಗಲು ಕಂಟ್ರಾಕ್ಟರ್ ಹಿನ್ನೆಲೆಯವನೇ ಸರಿ. ಎಸ್ಟಿಮೇಟ್ ನೋಡಿದ ಕೂಡಲೇ ಎಲ್ಲಿ ಊದಿಸಿದ್ದಾರೆ ಎಂದು ಗೊತ್ತಾಗುತ್ತದೆ. ಮೇಷ್ಟ್ರು, ವಕೀಲರು ಬಂದರೆ ಜೆಇ ಹೇಳಿದ್ದೇ ವೇದ. ಆರು ಇಂಚು ಕಾಂಕ್ರೀಟ್ ಎಂದು ಬರೆದು ನಾಲ್ಕಿಂಚು ಹಾಕಿದರೆ ಅವರಿಗೆ ಹೇಗೆ ತಿಳಿಯಬೇಕು?

ಲೆಕ್ಕದಪುಸ್ತಕ
ಎಲ್ಲಿ ಊದಿಸುತ್ತಾರೆ ಎಂದು ನಿಮಗೆ ಇಷ್ಟು ಚೆನ್ನಾಗಿ ಹೇಗೆ ಗೊತ್ತು ಸರ್?

ಗಾರೆಕೈ
😂 ಅನುಭವ.

ಬೀದಿದೀಪ
ಪಾಲಿಕೆಯ ಗುತ್ತಿಗೆಯಲ್ಲಿ ಪಾಲು ಇದ್ದರೆ ಸದಸ್ಯತ್ವಕ್ಕೇ ಕುತ್ತು. ಅದಕ್ಕೇ ಲೈಸೆನ್ಸ್ ಭಾವಮೈದುನನ ಹೆಸರಿನಲ್ಲಿರುತ್ತದೆ.

ಮೂರನೇಕ್ರಾಸ್
ಇಡೀ ರಾಜ್ಯದ ಕಾಮಗಾರಿ ಭಾವಮೈದುನರೇ ಮಾಡುತ್ತಿದ್ದಾರೆ.

ಮಾಜಿಮೆಂಬರ್
ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ಒಂದು ಅವಧಿ ಮೆಂಬರ್ ಆಗಿದ್ದವನು ನಾನು. ಯಾವ ಊರು, ಯಾವ ಪಕ್ಷ ಎಂದು ಕೇಳಬೇಡಿ, ಹೇಳುವುದಿಲ್ಲ.

ಬೆಳಿಗ್ಗೆ ಐದೂವರೆಗೆ ಮೊದಲ ಫೋನ್. ನೀರು ಬಂದಿಲ್ಲ. ವಾಲ್ವ್‌ಮನ್‌ಗೆ ಮಾಡಿದರೆ ಸ್ವಿಚ್ ಆಫ್. ಆರೂವರೆಗೆ ಪೌರಕಾರ್ಮಿಕರ ಹಾಜರಿ ತೆಗೆದುಕೊಳ್ಳುವ ಜಾಗಕ್ಕೆ ಹೋಗಬೇಕು. ಎಂಟು ಗಂಟೆಗೆ ಮನೆ ಜಗುಲಿ ತುಂಬ ಜನ. ಒಬ್ಬರಿಗೆ ವಿಧವಾ ವೇತನ ನಿಂತಿದೆ, ಒಬ್ಬರಿಗೆ ರೇಷನ್ ಕಾರ್ಡ್, ಒಬ್ಬರ ಮಗನನ್ನು ಸ್ಟೇಷನ್‌ನಲ್ಲಿ ಕೂರಿಸಿದ್ದಾರೆ. ಇದರಲ್ಲಿ ಒಂದೂ ಪಾಲಿಕೆಗೆ ಸೇರಿದ್ದಲ್ಲ. ವೇತನ ತಹಶೀಲ್ದಾರ್ ಕಚೇರಿಯದು, ಕಾರ್ಡು ಆಹಾರ ಇಲಾಖೆಯದು. "ನನಗೆ ಸಂಬಂಧವಿಲ್ಲ" ಎಂದರೆ ಮುಗಿಯಿತು ಕಥೆ. ಆದ್ದರಿಂದ ಹೋಗುತ್ತೇವೆ.

ಮದುವೆ ಸೀಸನ್‌ನಲ್ಲಿ ಒಂದೇ ದಿನ ಒಂಬತ್ತು ಮದುವೆ ಮಾಡಿದ್ದೇನೆ. ಮುಯ್ಯಿ ಕವರ್‌ಗೇ ಗೌರವಧನ ಸಾಕಾಗುತ್ತಿರಲಿಲ್ಲ. ಎಲ್ಲಿಂದ ತರುವುದು? ಇಲ್ಲೇ ನೋಡಿ, ಹಳ್ಳಕ್ಕೆ ಬೀಳುವ ಜಾಗ. ಕೆಲವರು ಕಂಟ್ರಾಕ್ಟರ್ ಹತ್ತಿರ ಕೈ ಚಾಚುತ್ತಾರೆ. ಜನ "ಪರ್ಸೆಂಟೇಜ್" ಎನ್ನುತ್ತಾರೆ. ಆ ದುಡ್ಡಿನಲ್ಲಿ ಒಂದು ಪಾಲು ಮತ್ತೆ ಜನರ ಮನೆ ಮದುವೆಗೇ ಹೋಗುತ್ತದೆ. ನಾನು ಇದನ್ನು ಸಮರ್ಥನೆ ಮಾಡುತ್ತಿಲ್ಲ. ನಾನು ಅಪ್ಪನ ತೋಟದ ಒಂದು ಭಾಗ ಮಾರಿದೆ, ಅದೂ ಬುದ್ಧಿವಂತಿಕೆಯಲ್ಲ.

ಇನ್ನು ಸಭೆ. ಅಜೆಂಡಾ ಎಂದು ಒಂದು ದಪ್ಪ ಕಟ್ಟು ಮನೆಗೆ ಬರುತ್ತದೆ. ಓದಿ ಹೇಳಲು ನಮಗೆ ಒಬ್ಬ ಗುಮಾಸ್ತನೂ ಇಲ್ಲ. ಮೊದಲ ವರ್ಷ ನಾನೂ ಓದಲಿಲ್ಲ. ಒಬ್ಬ ಹಿರಿಯ ಸದಸ್ಯರು, ಬೇರೆ ಪಕ್ಷದವರು, ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರು: "ಮೊದಲ ಪುಟ ಬಿಡು. 'ಘಟನೋತ್ತರ ಮಂಜೂರಾತಿ' ಎಂದು ಎಲ್ಲೆಲ್ಲಿ ಬರೆದಿದೆ, ಅಲ್ಲಿಗೆ ಗೆರೆ ಹಾಕು." ಅಂದರೆ ಕೆಲಸ ಆಗಲೇ ಆಗಿದೆ, ದುಡ್ಡು ಖರ್ಚಾಗಿದೆ, ಈಗ ಒಪ್ಪಿಗೆ ಕೊಡಿ ಎಂದು. ಗಲಾಟೆ ಎಲ್ಲ ಶೂನ್ಯ ವೇಳೆಯಲ್ಲಿ. ಮೇಯರ್ ಪೀಠದ ಮುಂದಿನ ಬಾವಿಗಿಳಿದು ಧರಣಿ, ಟಿವಿಯವರು, ಊಟದ ವಿರಾಮ. ಊಟ ಆದ ಮೇಲೆ ಅರ್ಧ ಜನ ಇರುವುದಿಲ್ಲ. ಅಜೆಂಡಾದ ವಿಷಯಗಳು ಓಡುವುದು ಆಗಲೇ. "ಓಕೆ, ಓಕೆ, ಓಕೆ."

ಚರಂಡಿಪಕ್ಕದಮನೆಯವರಿಗೆ ಒಂದೇ ಮಾತು. ಪೇಪರಿನಲ್ಲಿ ಹೆಸರು ಬರುವುದು ಕೂಗಾಡಿದವರದ್ದು. ಹೆಸರು ಬರಲಿಲ್ಲ ಎಂದರೆ ಸಭೆಗೆ ಹೋಗಿಲ್ಲ ಎಂದಲ್ಲ. ನಡಾವಳಿ, ಅಂದರೆ ಸಭೆಯಲ್ಲಿ ಯಾರು ಏನು ಮಾತಾಡಿದರು, ಏನು ತೀರ್ಮಾನ ಆಯಿತು ಎಂಬ ದಾಖಲೆ, ತರಿಸಿ ನೋಡಿ.

ಕಡಲಕರೆ
ಇದನ್ನು ಓದಿ ಬೈಯುವ ಮನಸ್ಸೇ ಹೋಯಿತು ಮಾರಾಯ್ರೆ.

ಲೆಕ್ಕದಪುಸ್ತಕ
ನನಗೆ ಹೋಗಿಲ್ಲ. ಮಾಜಿಮೆಂಬರ್ ಸರ್, ಗೌರವದಿಂದಲೇ ಕೇಳುತ್ತೇನೆ. "ಅರ್ಧ ಜನ ಇರುವುದಿಲ್ಲ" ಎಂದಿರಿ. ಆಗ ನೀವು ಇದ್ದಿರಾ?

ಮಾಜಿಮೆಂಬರ್
ಮೊದಲ ಎರಡು ವರ್ಷ ಇರಲಿಲ್ಲ.

ಅಮ್ಮನಮಗಳು
ನನ್ನ ಅಮ್ಮ ಮೆಂಬರ್ ಆಗಿದ್ದರು. ಈ ಮಾತು ಯಾರಾದರೂ ಎತ್ತುತ್ತಾರೆ ಎಂದು ಕಾಯುತ್ತಿದ್ದೆ, ಎತ್ತಲಿಲ್ಲ. ನಮ್ಮ ರಾಜ್ಯದಲ್ಲಿ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆದರೂ ಇಲ್ಲಿ ಎಲ್ಲರೂ "ಅವನು, ಅವನು" ಎಂದೇ ಬರೆಯುತ್ತಿದ್ದೀರಿ.

ವಾರ್ಡ್ ಮಹಿಳಾ ಮೀಸಲಾದಾಗ ಅಪ್ಪ ಅಮ್ಮನನ್ನು ನಿಲ್ಲಿಸಿದರು. ಮುಚ್ಚಿಡುವುದೇನು, ಫ್ಲೆಕ್ಸ್‌ನಲ್ಲಿ ಅಪ್ಪನ ಫೋಟೋನೇ ದೊಡ್ಡದಿತ್ತು. ಮೊದಲ ಆರು ತಿಂಗಳು ಅಮ್ಮ ಸಹಿ ಹಾಕಿದರು, ಅಪ್ಪ ಮಾತಾಡಿದರು. ಜೆಇ ಮನೆಗೆ ಬಂದರೆ ಅಮ್ಮ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದರು.

ಆಮೇಲೆ ಅಪ್ಪನಿಗೆ ಹುಷಾರು ತಪ್ಪಿತು, ನಾಲ್ಕು ತಿಂಗಳು ಮನೆಯಲ್ಲೇ. ಅಮ್ಮ ಒಬ್ಬರೇ ಸಭೆಗೆ ಹೋಗಬೇಕಾಯಿತು. ಓದಿದ್ದು ಏಳನೇ ಕ್ಲಾಸು. ಅಜೆಂಡಾ ಹಿಡಿದು ರಾತ್ರಿ ನನ್ನ ಹತ್ತಿರ ಕೂತುಕೊಳ್ಳುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ. ಒಂದು ದಿನ ಬೀದಿದೀಪ ನಿರ್ವಹಣೆಯ ಬಿಲ್ ಬಂತು. ನಮ್ಮ ವಾರ್ಡಿನಲ್ಲಿ ಇಷ್ಟು ಕಂಬ ಎಂದು ಬರೆದಿತ್ತು. ಅಮ್ಮ ಏನೂ ಮಾತಾಡಲಿಲ್ಲ. ಸ್ತ್ರೀಶಕ್ತಿ ಸಂಘದ ಇಬ್ಬರನ್ನು ಕರೆದುಕೊಂಡು ಮೂರು ರಾತ್ರಿ ಬೀದಿ ಬೀದಿ ಸುತ್ತಿ ಕಂಬ ಎಣಿಸಿದರು. ಕಂಬದ ಮೇಲೆ ನಂಬರ್ ಬರೆದಿರುತ್ತದಲ್ಲ, ಅದನ್ನು ನನ್ನ ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಲೆಕ್ಕಕ್ಕೆ 41 ಕಂಬ ಕಡಿಮೆ ಬಂತು.

ಸಭೆಯಲ್ಲಿ ಅಮ್ಮ ಎದ್ದು ನಿಂತು ಕೇಳಿದ್ದು ಒಂದೇ ವಾಕ್ಯ: "ಈ ನಲವತ್ತೊಂದು ಕಂಬ ಎಲ್ಲಿವೆ, ತೋರಿಸಿ, ನಾನೂ ಬಂದು ನೋಡುತ್ತೇನೆ." ಬಿಲ್ ತಡೆಹಿಡಿದರು. ಅವತ್ತಿನಿಂದ ಜೆಇ ಬಂದರೆ ಅಪ್ಪ ಕಾಫಿ ತರುತ್ತಿದ್ದರು.

ಆದರೆ ಮುಂದಿನ ಚುನಾವಣೆಗೆ ವಾರ್ಡಿನ ಮೀಸಲಾತಿ ಬದಲಾಯಿತು. ಅಮ್ಮ ನಿಲ್ಲುವ ಹಾಗಿರಲಿಲ್ಲ. ಕೆಲಸ ಕಲಿತ ಮೇಲೆ ಮನೆಗೆ.

ಸಂತೆಹೊತ್ತು
ಅಮ್ಮನಿಗೆ ನಮಸ್ಕಾರ ಹೇಳಿ ಅಕ್ಕ.

ಬೀದಿದೀಪ
ನನ್ನ ಹೆಸರೇ ಬೀದಿದೀಪ. ಈ 41ರಲ್ಲಿ ನಾನೂ ಒಬ್ಬ ಇರಬೇಕು.

ಕೆಂಪುತೋಟದಾಚೆ
ಮೀಸಲಾತಿ ಸರದಿ ಬಗ್ಗೆ ಅಮ್ಮನಮಗಳು ಹೇಳಿದ್ದು ದೊಡ್ಡ ವಿಷಯ. ಮೀಸಲಾತಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿ ಸಲ ವಾರ್ಡ್ ಬದಲಾದರೆ ಮೆಂಬರ್‌ಗೆ ಗೊತ್ತಿರುತ್ತದೆ, ಮುಂದಿನ ಸಲ ಇಲ್ಲಿ ನಿಲ್ಲುವುದು ಗ್ಯಾರಂಟಿ ಇಲ್ಲ ಎಂದು. ಆಗ ಯಾರಿಗೆ ಲೆಕ್ಕ ಕೊಡಬೇಕು? ಎರಡು ಅವಧಿಗೆ ಒಮ್ಮೆ ಬದಲಿಸಿದರೆ ಆಗದಾ? ಮೇಯರ್ ಕಥೆಯೂ ಹೀಗೇ. 1976ರ ಕಾಯ್ದೆಯಲ್ಲಿ ಮೇಯರ್‌ಗೆ ಒಂದೇ ವರ್ಷ. ಮೂರು ತಿಂಗಳು ಸನ್ಮಾನ, ಮೂರು ತಿಂಗಳು ಕಡತ ಅರ್ಥ ಮಾಡಿಕೊಳ್ಳುವುದು, ಕೊನೆಯ ಮೂರು ತಿಂಗಳು ಮುಂದಿನ ಮೇಯರ್ ಯಾರು ಎಂಬ ಗುಸುಗುಸು.

ಗಾರೆಕೈ
ನಡುವೆ ಮೂರು ತಿಂಗಳು ಬಿಟ್ಟಿರಲ್ಲ?

ಕೆಂಪುತೋಟದಾಚೆ
ಅಧ್ಯಯನ ಪ್ರವಾಸ.

ಹಳೇಪೇಟೆ
ಕಾಮಗಾರಿ, ಕವರ್ ಎಂದು ಎಲ್ಲರೂ ಹಗುರ ಮಾಡುತ್ತಿದ್ದೀರಿ. ಈ ಕೆಲಸ ಸಣ್ಣದಲ್ಲ. ಸರ್ದಾರ್ ಪಟೇಲರು 1917ರಲ್ಲಿ ಅಹಮದಾಬಾದ್ ಮುನಿಸಿಪಾಲಿಟಿಗೆ ಮೆಂಬರ್ ಆಗಿ ಬಂದವರು. ನೈರ್ಮಲ್ಯ ಸಮಿತಿ ನೋಡಿಕೊಂಡರು. 1924ರಿಂದ 1928ರವರೆಗೆ ಅಧ್ಯಕ್ಷರಾಗಿದ್ದರು. ಇಡೀ ದೇಶ ಜೋಡಿಸುವ ಮೊದಲು ಚರಂಡಿ ಜೋಡಿಸಿದವರು. ನಮ್ಮ ಯಡಿಯೂರಪ್ಪನವರೂ ಶಿಕಾರಿಪುರ ಪುರಸಭೆಯಿಂದಲೇ ಶುರು ಮಾಡಿದ್ದು.

ಸಂತೆಹೊತ್ತು
ಅದೇ ತೊಂದರೆ ಸರ್. ಈಗಿನವರಿಗೆ ಪುರಸಭೆ ಅಂದರೆ ಎಂಎಲ್ಎ ಟಿಕೆಟ್‌ಗೆ ಮೆಟ್ಟಿಲು. ಮೆಟ್ಟಿಲ ಮೇಲೆ ಯಾರೂ ಮನೆ ಕಟ್ಟುವುದಿಲ್ಲ.

ಹಳೇಪೇಟೆ
ಮೆಟ್ಟಿಲು ಎಂದು ತಿಳಿದರೂ ಪರವಾಗಿಲ್ಲ. ಎಂಎಲ್ಎಗಳೇ ಬಿಡಬೇಕಲ್ಲ. ರಸ್ತೆ ಡಾಂಬರು ಹಾಕಿದರೆ ಗುದ್ದಲಿ ಪೂಜೆಗೆ ಎಂಎಲ್ಎ. ಪಾರ್ಕಿನ ಬೆಂಚಿಗೂ ಎಂಎಲ್ಎ ಹೆಸರು. ಮೇಯರ್ ಚುನಾವಣೆಗೂ ಎಂಎಲ್ಎ, ಎಂಪಿಗಳಿಗೆ ವೋಟು. ವಾರ್ಡ್ ಮೆಂಬರ್ ತೆಂಗಿನಕಾಯಿ ಹಿಡಿದು ಪಕ್ಕದಲ್ಲಿ ನಿಲ್ಲಬೇಕು.

ಕುಂದಾನಗರಿ
12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ 18 ಕೆಲಸ ಪಟ್ಟಿ ಮಾಡಿದ್ದಾರೆ. ನಗರ ಯೋಜನೆ, ನೀರು, ಅಗ್ನಿಶಾಮಕ ಎಲ್ಲ ಇದೆ. ಬಾಗಿಲಿಗೆ ಬಂದಾಗ ನೀರಿಗೆ ಒಂದು ಮಂಡಳಿ, ಯೋಜನೆಗೆ ಒಂದು ಪ್ರಾಧಿಕಾರ, ಕರೆಂಟಿಗೆ ಹೆಸ್ಕಾಂ. ಇದರ ಮೇಲೆ ಕಮಿಷನರ್, ಅವರನ್ನು ಕಳಿಸುವುದು ಸರ್ಕಾರ. ಜನ ಬೈಯುವುದು ನಗರಸೇವಕರನ್ನು. ಬೈಗುಳ ಒಂದೇ ಪೂರ್ತಿಯಾಗಿ ವರ್ಗಾವಣೆ ಆಗಿದೆ.

ಗೇಟುಹತ್ತಿರ
ನಮ್ಮ ಬೀದಿಯಲ್ಲಿ ನಾಯಿ ಕಾಟ ಜಾಸ್ತಿ. ಇದಕ್ಕೆ ಮೆಂಬರ್‌ಗೆ ಹೇಳಬೇಕಾ, ಕಮಿಷನರ್‌ಗಾ?

ಮೂರನೇಕ್ರಾಸ್
ನಾಯಿಗೆ ಹೇಳಿ ನೋಡಿ, ಅದೇ ಬೇಗ ಕೇಳುತ್ತದೆ.

ಅಮ್ಮನಮಗಳು
ಗೇಟುಹತ್ತಿರ ಅವರೇ, ಸಂತಾನಹರಣ ಚಿಕಿತ್ಸೆ ಪಾಲಿಕೆಯ ಕೆಲಸವೇ. ಬಾಯಲ್ಲಿ ಹೇಳಬೇಡಿ, ಆರೋಗ್ಯ ವಿಭಾಗಕ್ಕೆ ಬರೆದು ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಪ್ರತಿಯೊಂದನ್ನು ಮೆಂಬರ್‌ಗೆ ಕೊಡಿ. ಸೀಲ್ ಇರುವ ಕಾಗದ ಕೈಯಲ್ಲಿದ್ದರೆ ಮೆಂಬರ್‌ಗೂ ಸಭೆಯಲ್ಲಿ ಮಾತಾಡಲು ಒಂದು ಆಧಾರ. ಅಮ್ಮ ಎಲ್ಲರಿಗೂ ಹೇಳುತ್ತಿದ್ದದ್ದು ಇದೇ.

ಕಡಲಕರೆ
ವಾರ್ಡ್ ಸಮಿತಿ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ಮೂರು ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿ ಇರಲೇಬೇಕು, 243ಎಸ್ ವಿಧಿ. ನಮ್ಮ ರಾಜ್ಯದಲ್ಲಿ ಇದಕ್ಕೆ 2016ರಲ್ಲಿ ನಿಯಮ ಮಾಡಿದ್ದಾರೆ. ಹತ್ತು ಜನ ಸದಸ್ಯರು, ಅದರಲ್ಲಿ ಮಹಿಳೆಯರು, ಪರಿಶಿಷ್ಟರು, ನಿವಾಸಿ ಸಂಘದವರು ಇರಬೇಕು. ಕಾರ್ಪೊರೇಟರೇ ಅಧ್ಯಕ್ಷರು.

ಮೇಲೆ ಲೆಕ್ಕದಪುಸ್ತಕ ಕೇಳಿದರಲ್ಲ, ಮದುವೆಗೆ ಕರೆಯದವರ ಬೀದಿ ಕಥೆ ಏನು ಎಂದು. ಅವರಿಗೆ ಇರುವ ಪಂಕ್ತಿ ಇದೇ. ಇಲ್ಲಿ ಕರೆಯೋಲೆ ಬೇಡ.

ಸಂತೆಹೊತ್ತು
ನಮ್ಮ ವಾರ್ಡ್ ಸಮಿತಿಯಲ್ಲಿ ಹತ್ತು ಜನರೂ ಮೆಂಬರ್ ಕಡೆಯವರೇ. ಬೂತ್ ಏಜೆಂಟ್‌ಗಳಿಗೆ ಬಿಸ್ಕತ್ತು ಚಹಾ.

ಕಡಲಕರೆ
ಇರಬಹುದು. ಆದರೂ ನಡಾವಳಿ ಬರೆಯಲೇಬೇಕಲ್ಲ. ಬರೆದದ್ದು ಉಳಿಯುತ್ತದೆ.

ಚರಂಡಿಪಕ್ಕದಮನೆ
ಎಲ್ಲರಿಗೂ ಥ್ಯಾಂಕ್ಸ್. ಮಾಜಿಮೆಂಬರ್ ಹೇಳಿದ ಹಾಗೆ ನಡಾವಳಿ ತರಿಸುವ ಮನಸ್ಸಾಗಿದೆ. ಮಾಹಿತಿ ಹಕ್ಕಿನಲ್ಲಿ ಹೇಗೆ ಬರೆಯಬೇಕು?

ಲೆಕ್ಕದಪುಸ್ತಕ
ನಮೂನೆ ಎ ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ನಮ್ಮ ರಾಜ್ಯದ ನಿಯಮ ಹಾಗಿದೆ. ಕಥೆ ಬರೆಯಬೇಡಿ. "ಈ ದಿನಾಂಕದಿಂದ ಈ ದಿನಾಂಕದವರೆಗಿನ ಸಾಮಾನ್ಯ ಸಭೆಗಳ ಹಾಜರಾತಿ ಪುಸ್ತಕ ಮತ್ತು ನಡಾವಳಿಯ ಪ್ರತಿ", ಅಷ್ಟೇ. ಪುಟಕ್ಕೆ 2 ರೂಪಾಯಿ. 30 ದಿನದಲ್ಲಿ ಬರಬೇಕು. ಬರದಿದ್ದರೆ ಮೊದಲ ಮೇಲ್ಮನವಿ. ಅಜ್ಜಿಯ ಕಾಲು, ಸೇಬು, ಮೂಸಂಬಿ ಯಾವುದೂ ಬೇಡ.

ಗಾರೆಕೈ
ಅಜ್ಜಿ ಕಾಲು ಹೇಗಿದೆ ಈಗ?

ಚರಂಡಿಪಕ್ಕದಮನೆ
ವಾಕರ್ ಹಿಡಿದು ಓಡಾಡುತ್ತಿದ್ದಾರೆ. ನಿನ್ನೆ ಮೆಂಬರ್ ಮತ್ತೆ ಬಂದಿದ್ದರು. ವಾಕರ್ ಅವರೇ ತಂದುಕೊಟ್ಟದ್ದು.

ಲೆಕ್ಕದಪುಸ್ತಕ
ಚಪ್ಪಡಿಗೆ ವಾಕರ್‌ಗಿಂತ ಕಡಿಮೆ ದುಡ್ಡು ಬೀಳುತ್ತಿತ್ತು.

ಗಾರೆಕೈ
ಇಲ್ಲ ಸರ್, ಒಂದು ಚಪ್ಪಡಿ ಲೆಕ್ಕ ಬೇರೆ. ಇಡೀ ಬೀದಿ ಚರಂಡಿ ಸರಿ ಮಾಡಿ ಚಪ್ಪಡಿ ಹಾಕುವುದು ಲಕ್ಷದ ಕೆಲಸ. ತುಂಡು ಕೆಲಸಕ್ಕೆ ಎಸ್ಟಿಮೇಟ್ ಹಾಕುವುದಿಲ್ಲ, ಎಲ್ಲ ಒಟ್ಟಿಗೆ ಹಾಕಿ ಟೆಂಡರ್ ಕರೆಯುತ್ತಾರೆ. ಅದಕ್ಕೇ ತಡ.

*(ಸುಮಾರು ಒಂದೂವರೆ ತಿಂಗಳ ನಂತರ)*

ಚರಂಡಿಪಕ್ಕದಮನೆ
ಹಳೆಯ ಚರ್ಚೆ ಮೇಲೆತ್ತುತ್ತಿದ್ದೇನೆ, ಕ್ಷಮಿಸಿ. ನಡಾವಳಿ ಬಂತು. 214 ಪುಟ. 14 ಸಭೆಗಳದ್ದು.

ನಮ್ಮ ಮೆಂಬರ್ 11 ಸಭೆಗೆ ಹೋಗಿದ್ದಾರೆ. ನಾನು ಅಂದುಕೊಂಡದ್ದು ತಪ್ಪು. ಮಾತಾಡಿದ್ದು ಮಾತ್ರ ಎರಡೇ ಸಲ. ಒಂದು, ಸಮುದಾಯ ಭವನಕ್ಕೆ ಒಬ್ಬ ಹಿರಿಯ ನಾಯಕರ ಹೆಸರಿಡುವ ಬಗ್ಗೆ. ಇನ್ನೊಂದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಬೀದಿ ಮತ್ತು ಪಕ್ಕದ ಎರಡು ಬೀದಿಯ ಚರಂಡಿ, ಚಪ್ಪಡಿ ಕಾಮಗಾರಿ ಬಗ್ಗೆ. ಅಜ್ಜಿ ಬೀಳುವುದಕ್ಕೆ ಐದು ತಿಂಗಳ ಮೊದಲೇ ಎತ್ತಿದ್ದಾರೆ. ಮಂಜೂರಾಗಿದೆ. ಟೆಂಡರ್ ಕರೆದಿದ್ದಾರೆ. ಯಾರೂ ಹಾಕಿಲ್ಲ. ಮತ್ತೆ ಕರೆದಿದ್ದಾರೆ. ಮತ್ತೆ ಯಾರೂ ಹಾಕಿಲ್ಲ.

ಮಾಜಿಮೆಂಬರ್
ಹಳೇ ಬಿಲ್ ಬಾಕಿ ಇರಬೇಕು. ಎರಡು ವರ್ಷದಿಂದ ದುಡ್ಡು ಬರದ ಕಂಟ್ರಾಕ್ಟರ್ ಹೊಸ ಕೆಲಸಕ್ಕೆ ಯಾಕೆ ಬರುತ್ತಾನೆ? ನನ್ನ ಕಾಲದಲ್ಲೂ ಇದೇ.

ಗಾರೆಕೈ
ನಾನೂ ಹಾಕುವುದಿಲ್ಲ ಈಗ. ನಿಜ ಹೇಳುತ್ತೇನೆ.

ಲೆಕ್ಕದಪುಸ್ತಕ
ಆದರೆ ಒಂದು ಅರ್ಥವಾಗುತ್ತಿಲ್ಲ. ಇಷ್ಟು ಮಾಡಿದ ಮನುಷ್ಯ ನಿಮಗೆ ಅದನ್ನು ಹೇಳಲಿಲ್ಲ ಯಾಕೆ? ಆಸ್ಪತ್ರೆಯಲ್ಲಿ ಅರ್ಧ ಗಂಟೆ ಕೂತಿದ್ದರಲ್ಲ?

ಚರಂಡಿಪಕ್ಕದಮನೆ
ಅದನ್ನೇ ಕೇಳಿದೆ. ಮೊನ್ನೆ ಒಂದು ಮದುವೆಯಲ್ಲಿ ಸಿಕ್ಕಿದರು (ಹೌದು, ಮದುವೆಯಲ್ಲೇ). ಪಕ್ಕಕ್ಕೆ ಕರೆದು ನಡಾವಳಿ ವಿಷಯ ಹೇಳಿದೆ. ಮೊದಲು ಗಾಬರಿಯಾದರು, ಯಾರು ತರಿಸಿದ್ದು ಎಂದರು. ಆಮೇಲೆ ನಕ್ಕರು. "ಟೆಂಡರ್‌ಗೆ ಯಾರೂ ಬರ್ಲಿಲ್ಲ ಅಂತ ಹೇಳಿದ್ರೆ, ಇವ್ನ ಮಾತು ಅಲ್ಲಿ ಯಾರೂ ಕೇಳಲ್ಲ ಅಂತ ಜನ ತಿಳ್ಕೋತಾರೆ ಸಾರ್. ಮಾಡಿಲ್ಲ ಅಂತ ಬೈಸಿಕೊಳ್ಳೋದೇ ವಾಸಿ" ಎಂದರು.

ಅಮ್ಮನಮಗಳು
ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಹುಚ್ಚಪ್ಪ, ಹೇಳಿದ್ದರೆ ಬೀದಿಯವರೆಲ್ಲ ಸೇರಿ ಕಮಿಷನರ್ ಬಾಗಿಲಿಗೆ ಹೋಗುತ್ತಿದ್ದರು" ಎಂದರು.

ಸಂತೆಹೊತ್ತು
ಹೋಗುತ್ತಿದ್ದಿರಾ? ನಿಜವಾಗಿ?

ಚರಂಡಿಪಕ್ಕದಮನೆ
ಈ ಸೋಮವಾರ ಹೋಗುತ್ತಿದ್ದೇವೆ. ಇಲ್ಲಿಯವರೆಗೆ ಒಂಬತ್ತು ಮನೆಯವರು ಒಪ್ಪಿದ್ದಾರೆ. ಮೆಂಬರ್ "ನಾನು ಮುಂದೆ ನಿಲ್ಲಲ್ಲ, ಹಿಂದೆ ಇರ್ತೀನಿ" ಎಂದಿದ್ದಾರೆ. ಅಜ್ಜಿ ಮಾತ್ರ ನಮ್ಮ ಮೇಲೇ ಸಿಟ್ಟಾಗಿದ್ದಾರೆ, ದೇವರಂಥ ಮನುಷ್ಯನ ಮೇಲೆ ಅರ್ಜಿ ಹಾಕಿದೆ ಎಂದು.

ಮೂರನೇಕ್ರಾಸ್
ಅದೆಲ್ಲ ಸರಿ, ಆ ಗುಂಡಿಗೆ ಈಗ ಏನು ಮುಚ್ಚಿದ್ದೀರಿ?

ಚರಂಡಿಪಕ್ಕದಮನೆ
ಸೆಂಟ್ರಿಂಗ್ ಹಲಗೆ. ಎದುರುಗಡೆ ಮನೆ ಕಟ್ಟುತ್ತಿರುವವರು ಕೊಟ್ಟದ್ದು. ಅವರಿಗೆ ಮೋಲ್ಡಿಂಗ್ ಶುಕ್ರವಾರ, ಅಷ್ಟರೊಳಗೆ ವಾಪಸ್ ಬೇಕಂತೆ.